ಬಗ್ಗಿ ಓದುವ ಹೆಸರು

ಜನವರಿ 29, 2024

ಅದಕ್ಕೇ ಹೇಳಿದ್ದು, ಎಣಿಸದೆ ಯಾರ ಕೈಗೂ ಹೂವು ಕೊಡಬಾರದು ಎಂದು. ನಿನ್ನೆ ಸಿಟ್ಟಿನಲ್ಲಿ ಒತ್ತಿ ಬರೆದು ಹಾಳೆ ಹರಿಯಿತು, ಅರ್ಧಕ್ಕೇ ಬಿಟ್ಟೆ. ಇವತ್ತು ಮುಗಿಸುತ್ತೇನೆ.

ನಿನ್ನೆ ಸೇನಾ ದಿನ. ಪುರಸಭೆಯ ಹೆಂಗಸು ಪ್ಲಾಸ್ಟಿಕ್ ಬಕೆಟ್ಟಿನ ತುಂಬ ಕೆಂಪು ಕಾರ್ನೇಷನ್ ಹೊತ್ತು ಚೌಕಕ್ಕೆ ಬಂದಿದ್ದಳು. ಸತ್ತ ಸೈನಿಕರ ಪಟಗಳ ಮುಂದೆ ಇಡಲೆಂದು ಎರಡೆರಡಾಗಿ ದಾರ ಸುತ್ತಿದ ಹೂವು. ಹಿಮ ಬೀಳುತ್ತಿತ್ತು, ಅವಳಿಗೆ ಬೇಗ ಮನೆ ಸೇರಬೇಕು. ಅದರಲ್ಲೇ ಎರಡು ಜೋಡಿ ಎಳೆದು, ಜೀವಂತ ನಿಂತಿದ್ದ ಗೆಘಾಮ್‌ನ ಕೈಗೆ ತುರುಕಿ, ನಮ್ಮ ವೀರಯೋಧರಿಗೆ ಎಂದಳು. ನಾಲ್ಕು ಹೂವು. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಸಮಸಂಖ್ಯೆ ಸತ್ತವರಿಗೆ, ಬೆಸಸಂಖ್ಯೆ ಇದ್ದವರಿಗೆ. ನಿಶ್ಚಿತಾರ್ಥಕ್ಕೆ ಆರು ಗುಲಾಬಿ ಒಯ್ದವನನ್ನು ಹೆಣ್ಣಿನ ಮನೆಯವರು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೆಘಾಮ್ ಎರಡು ಯುದ್ಧ ಕಂಡವನು. ತೊಂಬತ್ತೆರಡರಲ್ಲಿ ಹೋಗಿ ಗೆದ್ದು ಬಂದ, ಎರಡು ಸಾವಿರದ ಇಪ್ಪತ್ತರಲ್ಲಿ ಐವತ್ತು ದಾಟಿದ ಮೇಲೆ ಮತ್ತೆ ಹೋಗಿ ಸೋತು ಬಂದ. ಎದೆಯಲ್ಲಿ ಒಂದು ಚೂರು ಕಬ್ಬಿಣ ಹಾಗೇ ಇದೆ, ಮೆಟ್ಟಿಲು ಹತ್ತಿದರೆ ಹಳೆ ತಿದಿಯ ಹಾಗೆ ಶಬ್ದ ಮಾಡುತ್ತಾನೆ. ಹೂವನ್ನು ಎಣಿಸಿದ. ನಕ್ಕ. ಒಂದನ್ನು ಬಿಡಿಸಿ ನನ್ನ ಕೋಟಿನ ಜೇಬಿಗೆ ಸಿಕ್ಕಿಸಿದ.

"ನಾಲ್ಕು ಅಂದ್ರೆ ಒಬ್ಬ ಸತ್ತವನು, ವರ್ಪೆತ್. ಮೂರು ಒಂದು ಅಂತ ಮುರಿದ್ರೆ ಇಬ್ಬರು ಬದುಕಿದ ಹಾಗೆ. ಇಟ್ಕೊಳ್ಳಿ."

ವರ್ಪೆತ್, ಅಂದರೆ ಮೇಸ್ತ್ರಿ, ಎನ್ನುತ್ತಾರೆ ನನ್ನನ್ನು. ಕಲ್ಲಿನಲ್ಲಿ ಅಕ್ಷರ ತೆಗೆಯುವವನಿಗೆ ಊರಿನಲ್ಲಿ ಉಳಿದಿರುವ ಮರ್ಯಾದೆ ಅಷ್ಟೇ. ಯುದ್ಧಕ್ಕೆ ಹೋದವನಲ್ಲ ನಾನು. ಹೋದವರ ಹೆಸರು ಕೆತ್ತಿ ಉಂಡವನು.

ಅದೆಲ್ಲ ಆದಮೇಲೆ ಸ್ಲಾವಿಕ್ ಮೈಕು ಹಿಡಿದ. ಮೂರು ಪೆಟ್ರೋಲ್ ಬಂಕಿನ ಒಡೆಯ, ಈಗ ಸ್ಮಾರಕ ಸಮಿತಿಯ ಅಧ್ಯಕ್ಷ. ಮೇ ಒಂಬತ್ತರ ವಿಜಯ ದಿನದ ಹೊತ್ತಿಗೆ ಚೌಕದಲ್ಲಿ ಒಂದು ಪುಲ್ಪುಲಾಕ್ ಕಟ್ಟಿಸುತ್ತಾನಂತೆ. ಕುಡಿಯುವ ನೀರಿನ ಕಲ್ಲುಬುಗ್ಗೆ, ಹಿಂದೆ ಕಪ್ಪು ಹಲಗೆ, ಹಲಗೆಯ ಮೇಲೆ ಹುತಾತ್ಮರ ಹದಿನೆಂಟು ಹೆಸರು. ಎರಡೂ ಯುದ್ಧ ಯಾವ ನೆಲಕ್ಕಾಗಿ ನಡೆಯಿತೋ ಆ ಕರಬಾಖೇ ಹೋದ ಸೆಪ್ಟೆಂಬರಿನಲ್ಲಿ ಕೈಬಿಟ್ಟು ಹೋಯಿತು. ಇದ್ದಬದ್ದದ್ದನ್ನು ಕಾರಿನ ತಲೆಗೆ ಕಟ್ಟಿಕೊಂಡು ಜನ ಬಂದರು, ಮಕ್ಕಳ ಗೋರಿ ಅಲ್ಲೇ ಬಿಟ್ಟು. ಈಗ ಬುಗ್ಗೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಕೆತ್ತುವ ಕೆಲಸ ನನಗೇ ಬಂತು. ಒಪ್ಪಿಕೊಂಡೆ. ಒಪ್ಪಿಕೊಂಡ ಬಾಯಿ ಇನ್ನೂ ಕಹಿಯಾಗಿದೆ.

ಹೂವನ್ನು ಚಹಾದ ಲೋಟದಲ್ಲಿ ಇಟ್ಟಿದ್ದೇನೆ. ಎಸೆಯೋಣವೆಂದಿದ್ದೆ, ಮರೆತೆ.

ಫೆಬ್ರವರಿ 4

ಸಾತೆನಿಕ್‌ಳ ಮೇಜಿನ ಖಾನೆ ಖಾಲಿ ಮಾಡಿದೆ. ಹೆಂಡತಿ ಸತ್ತದ್ದು ಅಕ್ಟೋಬರಿನಲ್ಲಿ, ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಏನು ಕೂಡಿಟ್ಟಿದ್ದಾಳೆ! ಬಟನ್ನು, ಮೇಣದ ಬತ್ತಿಯ ತುಂಡು, ಸೋವಿಯತ್ ಕಾಲದ ಬಸ್ ಚೀಟಿ, ಯಾರದೋ ಹಲ್ಲು. ತಳದಲ್ಲಿ ಮುಚ್ಚಳದ ಮೇಲೆ ನವಿಲು ಇದ್ದ ಒಂದು ಮಿಠಾಯಿ ಡಬ್ಬಿ. ತೆರೆದರೆ ಒಳಗೆ ಬಟ್ಟೆ ಒಗೆಯುವ ಕಂದು ಸೋಪು, ಅರ್ಧ. ಒಣಗಿ ಸೀಳುಬಿಟ್ಟಿತ್ತು, ಮೇಲೆ ಏಳು ಎಂಬ ಅಂಕಿ ಒತ್ತಿತ್ತು. ಸೋಪು ಕೂಡಿಡುವ ಹೆಂಗಸಿನ ಜೊತೆ ನಲವತ್ತೊಂದು ವರ್ಷ ಬಾಳಿದೆ, ಗೊತ್ತೇ ಇರಲಿಲ್ಲ.

ಎಸೆಯಲಿಲ್ಲ. ಕಲ್ಲಿನ ಪುಡಿ ಹೋಗಲು ಇಂಥ ಸೋಪೇ ಬೇಕು, ಈಗಿನ ಸುವಾಸನೆಯವು ನೊರೆ ಕೊಡುತ್ತವೆ, ಕೊಳೆ ಬಿಡಿಸುವುದಿಲ್ಲ. ಡಬ್ಬಿ ಸಮೇತ ಕೆಲಸದ ಕೊಟ್ಟಿಗೆಯ ತೊಟ್ಟಿ ಪಕ್ಕ ಇಟ್ಟೆ.

ಹಲಗೆ ಬಂದಿದೆ. ಬಸಾಲ್ಟ್ ಕಲ್ಲು. ನಯಮಾಡಿದ್ದಾರೆ, ನನ್ನ ಮುಖ ಕಾಣುತ್ತದೆ. ನೋಡುವಂಥದ್ದೇನಲ್ಲ.

ಅವಳು ಕೊನೆಯ ವಾರ ಕೇಳಿದ್ದು ನೆನಪಾಯಿತು. ತನ್ನ ತಮ್ಮನ ಹೆಸರು ಎಲ್ಲಾದರೂ ಕೆತ್ತಬೇಕಂತೆ. ಗೋರಿಗೆ ತಗಡಿನ ಫಲಕ ಇದ್ದರೆ ಇರಲಿ, ಹೆಸರು ಮಾತ್ರ ಅವನ ಜೊತೆಯವರ ನಡುವೆ ಇರಬೇಕಂತೆ. ಹೂಂ ಎಂದಿದ್ದೆ. ಸಾಯುವವರಿಗೆ ಹೂಂ ಎನ್ನದೆ ಇನ್ನೇನು ಹೇಳುವುದು? ಆ ತಮ್ಮ ಯುದ್ಧದಲ್ಲಿ ಸತ್ತವನಲ್ಲ. ಮೊದಲ ಯುದ್ಧ ಮುಗಿದ ಮೇಲೆ ಎಂಟು ವರ್ಷ ನನ್ನ ಮನೆಯಲ್ಲಿ ಉಂಡು, ನನ್ನ ಹಾಸಿಗೆಯಲ್ಲಿ ಮಲಗಿ, ಕುಡಿದು, ಕೊನೆಗೆ ರೈಲುಹಳಿಯ ಪಕ್ಕದ ತಗಡಿನ ಡಬ್ಬಿಮನೆಯಲ್ಲಿ ಹೊಗೆ ಕಟ್ಟಿ ಸತ್ತವನು. ಒಲೆಯ ಕೊಳವೆಗೆ ಚಿಂದಿ ತುರುಕಿತ್ತು. ಪೊಲೀಸರು ಅಕಸ್ಮಾತ್ ಎಂದು ಬರೆದರು. ಊರು ಬೇರೆ ಥರ ಓದಿಕೊಂಡಿತು.

ಅವನ ಹೆಸರು ಇಲ್ಲಿ ಬರೆದು ಈ ಪುಸ್ತಕವನ್ನೂ ಹೊಲಸು ಮಾಡುವುದಿಲ್ಲ.

ಫೆಬ್ರವರಿ 11

ಸ್ಲಾವಿಕ್‌ನ ಮನೆಯಲ್ಲಿ ಬೆಳಗ್ಗೆ ಎಂಟಕ್ಕೇ ಖಾಶ್ ಊಟ. ಸಮಿತಿಗೆಲ್ಲ ಕರೆ. ದನದ ಕಾಲು ಇಡೀ ರಾತ್ರಿ ಬೇಯಿಸಿದ ಅಂಟುಸಾರು, ಅದಕ್ಕೆ ಬೆಳ್ಳುಳ್ಳಿ, ಒಣ ಲವಾಶ್ ರೊಟ್ಟಿಯ ಚೂರು, ಹಣ್ಣಿನ ವೋಡ್ಕಾ. ಚಿಕ್ಕವನಿದ್ದಾಗಿನಿಂದ ಇಷ್ಟದ ಊಟ. ಇವತ್ತು ಎಲ್ಲರ ಗಲ್ಲದ ಮೇಲೆ ಹೆಪ್ಪುಗಟ್ಟುತ್ತಿದ್ದ ಜಿಡ್ಡು ನೋಡಿ ಬಟ್ಟಲು ಪಕ್ಕಕ್ಕೆ ಸರಿಸಿದೆ. ಹುತಾತ್ಮರ ಹೆಸರೆತ್ತಿ ಕುಡಿದರು. ಸತ್ತವರಿಗೆ ಕುಡಿಯುವಾಗ ಲೋಟಕ್ಕೆ ಲೋಟ ತಾಕಿಸಬಾರದು, ತಾಕಿಸಲಿಲ್ಲ, ಅಷ್ಟಾದರೂ ನೆನಪಿಟ್ಟುಕೊಂಡಿದ್ದಾರೆ. ಎರಡೇ ನಿಮಿಷದಲ್ಲಿ ಹೊಸ ಬಂಕಿನ ಜಾಗದ ಮಾತು.

ಗೆಘಾಮ್ ಸುಮ್ಮನೆ ಮೂಳೆ ಸೀಪುತ್ತ ಕೂತಿದ್ದವನು, ಎದ್ದು ನಿಂತು, ಹತ್ತೊಂಬತ್ತನೆಯ ಹೆಸರೊಂದು ಸೇರಬೇಕು ಎಂದ. ಸಾತೆನಿಕ್‌ಳ ತಮ್ಮನದು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಲವಾಶ್ ಪುಡಿ ಮಾಡುತ್ತಿದ್ದೆ. ಪುಡಿ ಮಾಡುತ್ತಲೇ ಇದ್ದೆ.

ಸ್ಲಾವಿಕ್ ಬೆರಳು ಒರೆಸಿಕೊಂಡ. ಕೋಪ ಮಾಡಲಿಲ್ಲ, ಅದೇ ಅವನ ಜಾಣತನ. ಪಟ್ಟಿ ರಾಜಧಾನಿ ಯೆರೆವಾನಿನಿಂದ ಬಂದದ್ದು, ತನ್ನದಲ್ಲ ಎಂದ. ರಣರಂಗದಲ್ಲಿ ಬಿದ್ದವರು ಮಾತ್ರ ಅದರಲ್ಲಿ. ಮತ್ತೆ ದನಿ ಇಳಿಸಿ, ಆಪ್ತರನ್ನು ಕರೆಯುವಂತೆ ಜಾನ್ ಎಂದು ಸೇರಿಸಿ ಹೇಳಿದ, "ಅವರಮ್ಮಂದಿರು ಬಂದು ಮಕ್ಕಳ ಹೆಸರಿಗೆ ಮುತ್ತು ಕೊಡ್ತಾರಪ್ಪ. ಅದೇ ಸಾಲಲ್ಲಿ ಒಬ್ಬ ಕುಡುಕನ ಹೆಸರು ಇಡ್ಲಾ? ನೀನೇ ಹೇಳು ಮಿಸಾಕ್ ಜಾನ್, ನಿನ್ನ ಭಾವಮೈದುನ ಅವನು, ನನಗಿಂತ ಚೆನ್ನಾಗಿ ನಿನಗೆ ಗೊತ್ತು."

ಗೊತ್ತು ಎಂದೆ. ಅಷ್ಟೇ ಅಂದದ್ದು. ಸಾಕಾಯಿತು.

ಸ್ಲಾವಿಕ್‌ನ ಸಿಟ್ಟು ಎಲ್ಲಿಯದೆಂದು ಎಲ್ಲರಿಗೂ ಗೊತ್ತು. ಎರಡು ಸಾವಿರದ ಒಂದರಲ್ಲಿ, ಇದೇ ಚೌಕದಲ್ಲಿ, ವೇದಿಕೆಯ ಮೇಲೆ ಸ್ಲಾವಿಕ್ ಕೈ ನೀಡಿದಾಗ ಅವಳ ತಮ್ಮ ಆ ಕೈಯನ್ನು ಮುಟ್ಟಲಿಲ್ಲ. "ಮೊದ್ಲು ತೊಳ್ಕೊಂಡು ಬಾ" ಎಂದ. ಯುದ್ಧದಲ್ಲಿ ಉಗ್ರಾಣ ನೋಡಿಕೊಂಡವನು ಸ್ಲಾವಿಕ್. ಜನ ನಕ್ಕರು. ಇಪ್ಪತ್ತಮೂರು ವರ್ಷ ಕಳೆದರೂ ಅವನ ಕಿವಿಯಲ್ಲಿ ಆ ನಗು ಇದೆ.

ಹೊರಗೆ ಬರುವಾಗ ಗೆಘಾಮ್ ನನ್ನ ಜೊತೆ ನಡೆಯಲಿಲ್ಲ.

ಫೆಬ್ರವರಿ 12

ಮೂರು ಹೆಸರು ಮುಗಿಯಿತು. ಯಾರೂ ಬರಲಿಲ್ಲ. ಒಳ್ಳೆಯದೇ.

ಫೆಬ್ರವರಿ 13

ಒಂದು ಹೆಸರು. ಕೈ ಸರಿಯಿಲ್ಲ.

ಮಾರ್ಚ್ 3

ಲ್ಯೂದಾ ಬಂದಿದ್ದಳು. ಮಗ ಎರಿಕ್ ಇಪ್ಪತ್ತರ ಯುದ್ಧದಲ್ಲಿ ಹೋದ, ಹತ್ತೊಂಬತ್ತು ವರ್ಷ. ಹಲಗೆಯ ಮುಂದೆ ಮಂಡಿಯೂರಿ ಅವನ ಹೆಸರಿನಲ್ಲಿ ಬೆರಳಾಡಿಸಿದಳು. ಅಳುತ್ತಾಳೆಂದು ಹೆದರಿದ್ದೆ, ಅಳಲಿಲ್ಲ. ಅಕ್ಷರ ಇನ್ನೂ ಆಳ ಇರಲಿ, ಹಿಮ ಅದರಲ್ಲಿ ನಿಂತರೆ ದೂರದಿಂದ ಬೆಳ್ಳಗೆ ಓದಬಹುದು ಎಂದಳು. ನಲವತ್ತೆಂಟು ವರ್ಷದಿಂದ ಕೆತ್ತುತ್ತಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಮತ್ತೆ ಉಳಿ ಹಿಡಿದು ಇಳಿಸಿದೆ. ಅವಳು ಹೋಗುವ ಮುಂಚೆ ಕೇಳಿದೆ, ಈ ಸಾಲಿನಲ್ಲಿ ಆಮೇಲೆ ಸತ್ತವನೊಬ್ಬನ ಹೆಸರಿದ್ದರೆ ನಿನಗೆ ಹೇಗೆ ಅನ್ನಿಸೀತು ಎಂದು. ಯಾಕೆ ಕೇಳಿದೆನೋ.

"ಆಮೇಲೆ ಅಂದ್ರೆ ಯಾವಾಗ, ವರ್ಪೆತ್ ಜಾನ್? ನಾನೂ ಆಮೇಲೇ ಸಾಯ್ತಿರೋದು."

ಸ್ಲಾವಿಕ್ ಚೀಟಿ ಕಳಿಸಿದ್ದಾನೆ. ಕ್ಯಾಲಿಫೋರ್ನಿಯಾದ ಒಬ್ಬ ದಾನಿ ಬರುತ್ತಾನಂತೆ, ಅವನಿಗೆ ಕಾಣುವಂತೆ ಹಲಗೆಯ ನೆತ್ತಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬೇಕು, ವೀರರಿಗೆ ಶಾಶ್ವತ ಕೀರ್ತಿ ಎಂದು. ಊರಿನಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ ಎಂದು ಅವನ ನಂಬಿಕೆ. ಓದಿದ್ದು ಹೌದು, ಗ್ಯುಮ್ರಿಯನ್ನು ಲೆನಿನಕಾನ್ ಎನ್ನುತ್ತಿದ್ದ ಕಾಲದಲ್ಲಿ, ಕಾಲೇಜಿನಲ್ಲಿ ಎರಡು ವರ್ಷ. ಅಪ್ಪನ ಕೈ ಕಲ್ಲಿನಡಿ ಸಿಕ್ಕ ದಿನ ಬಿಟ್ಟೆ. ಲಂಡನ್ ಈಸ್ ದ ಕ್ಯಾಪಿಟಲ್ ಆಫ್ ಗ್ರೇಟ್ ಬ್ರಿಟನ್. ಆಮೇಲೆ ಮಂಜು. ಗ್ಲೋರಿ ಎಂಬುದು ನೆನಪಿದೆ. ಶಾಶ್ವತಕ್ಕೆ ಒಂದು ಮಾತಿತ್ತು, ಟರ್ನಲ್ ಎಂದು ಮುಗಿಯುತ್ತಿತ್ತು. ಇಂಟರ್ನಲ್ ಅಲ್ಲ, ಅದು ಹೊಟ್ಟೆಯ ರೋಗಕ್ಕೆ ಡಾಕ್ಟರರು ಬಳಸುವುದು. ಎಕ್ಸ್‌ಟರ್ನಲ್ ಇರಬೇಕು. ಅದನ್ನೇ ಕೆತ್ತಿದೆ. ನೋಡಲು ಚೆನ್ನಾಗಿದೆ, ನಡುವೆ ಆ ಎಕ್ಸ್ ಒಂದು ಶಿಲುಬೆಯ ಹಾಗೆ.

ಮಾರ್ಚ್ 21

ಏನು ಬರೆಯಲಿ.

ಗೆಘಾಮ್ ಮಧ್ಯಾಹ್ನ ಕೊಟ್ಟಿಗೆಗೆ ಬಂದ, ಖಾಶ್ ಊಟದ ಮೇಲೆ ಮೊದಲ ಸಲ. ಮುಖ ಬೂದಿಯಾಗಿತ್ತು. ಕಲ್ಲಿನ ಮೇಲೆ ಕೂತ. ನಾನು ತೊಟ್ಟಿಗೆ ಹೋಗಿ ಕೈ ತೊಳೆದೆ, ಕಾಫಿ ಇಡಬೇಕಲ್ಲ. ಅವನು ಎದ್ದು ಬಂದು ನನ್ನ ಪಕ್ಕ ನಿಂತ. ನವಿಲಿನ ಡಬ್ಬಿ ಎತ್ತಿಕೊಂಡ.

"ಇದು ಎಲ್ಲಿ ಸಿಕ್ತು ನಿಮಗೆ?"

ಹೇಳಿದೆ.

"ಒಳಗಿದ್ದದ್ದು?"

ಕೈ ತೋರಿಸಿದೆ. ಅಂಗೈಯಲ್ಲಿ ನೊರೆ ಇತ್ತು, ನೊರೆಯ ನಡುವೆ ಉಗುರಿನಷ್ಟು ಕಂದು ತುಂಡು.

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೂತು, ಉಸಿರು ತಿರುಗಿದ ಮೇಲೆ, ಹೇಳಲು ಶುರುಮಾಡಿದ. ಅವರ ತುಕಡಿಯಲ್ಲಿ ನನ್ನ ಹೆಂಡತಿಯ ತಮ್ಮನ ಕೆಲಸ ಗುಂಡು ಹೊಡೆಯುವುದಾಗಿರಲಿಲ್ಲ, ಮೊದಲ ತಿಂಗಳು ಬಿಟ್ಟರೆ. ಯಾರೋ ಹೆಣ ಎತ್ತಬೇಕಿತ್ತು, ಬೇರೆಯವರು ವಾಂತಿ ಮಾಡಿಕೊಳ್ಳುತ್ತಿದ್ದರು, ಇವನು ಸುಮ್ಮನೆ ಎತ್ತಿದ. ಒಮ್ಮೆ ಸುಮ್ಮನೆ ಎತ್ತಿದವನಿಗೆ ಆ ಕೆಲಸ ಕಾಯಂ. ಎರಡು ವರ್ಷ. ನಮ್ಮವರದು, ಆ ಕಡೆಯವರದು, ಎಲ್ಲ. ಬೇಸಿಗೆಯಲ್ಲಿ ವಾರ ಕಳೆದದ್ದು. ಎರಡು ಸೈನ್ಯದ ನಡುವಿನ ಬಯಲಿನಲ್ಲಿ ಹೆಣ ಬದಲಿಸಿಕೊಳ್ಳುವ ದಿನ, ಆ ಕಡೆಯಿಂದಲೂ ಇಂಥದೇ ಒಬ್ಬ ಬರುತ್ತಿದ್ದನಂತೆ. ಗಂಜಾ ಎಂಬ ಊರಿನವನು, ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಇಬ್ಬರಿಗೂ ರಷ್ಯನ್ ಮುರುಕು ಮುರುಕು. ಎಣಿಸುವುದು, ಹೊರುವುದು, ಎಣಿಸುವುದು. ಕೊನೆಯಲ್ಲಿ ಒಂದೇ ಬಕೆಟ್ಟಿನಲ್ಲಿ ಇಬ್ಬರೂ ಕೈ ತೊಳೆಯುವುದು.

"ನಮಗೆ ಸೋಪು ಬರ್ತಿರ್ಲಿಲ್ಲ. ಯಾಕೆ ಬರ್ತಿರ್ಲಿಲ್ಲ ಅಂತ ಸ್ಲಾವಿಕ್‌ನ ಕೇಳಿ. ಆ ಗಂಜಾದವನು ನೋಡ್ದ, ಇವನು ಮಣ್ಣು ಹಚ್ಚಿ ಉಜ್ತಾ ಇದ್ದ. ತನ್ನ ಸೋಪಿಗೆ ದಾರ ಸುತ್ತಿ ಎಳ್ದು ಎರಡು ತುಂಡು ಮಾಡ್ದ. ಎಪ್ಪತ್ತೆರಡು ಅಂತ ಒತ್ತಿರ್ತಿತ್ತಲ್ಲ ಮೇಲೆ? ಏಳು ನಮ್ಮ ಕಡೆ ಬಂತು, ಎರಡು ಆ ಕಡೆ ಹೋಯ್ತು."

ಅವಳ ತಮ್ಮ ಆ ಅರ್ಧವನ್ನು ಬಳಸಲೇ ಇಲ್ಲವಂತೆ. ಡಬ್ಬಿಯಲ್ಲಿಟ್ಟು ಎದೆಗಿಟ್ಟುಕೊಂಡು ಓಡಾಡುತ್ತಿದ್ದ. ಯಾಕೆಂದು ಕೇಳಿದರೆ, ಎಲ್ಲ ಮುಗಿದ ಮೇಲೆ ಒಂದು ಸಲ ಸರಿಯಾಗಿ ತೊಳೆಯಬೇಕು, ಅದಕ್ಕೆ ಎನ್ನುತ್ತಿದ್ದನಂತೆ. ನಾನದನ್ನು ಆರು ವಾರ ಕಲ್ಲಿನ ಪುಡಿಗೆ ಬಳಸಿದೆ.

ಈಗ ನಾನು ಬರೆಯಬೇಕಾದ್ದು ಇದು. ಯುದ್ಧ ಮುಗಿದ ಚಳಿಗಾಲ, ಕರೆಂಟಿಲ್ಲ, ಕೊಳಾಯಿಯಲ್ಲಿ ನೀರಿಲ್ಲ. ಕೆಳಗಿನ ಒರತೆಯಿಂದ ಎರಡು ಬಕೆಟ್ ಹೊತ್ತು ಹಿಮದ ದಾರಿ ಹತ್ತುವುದು ನನ್ನ ಕೆಲಸ. ನಾನು ತಂದಿಟ್ಟು ಬೆನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಒಂದು ಬಕೆಟ್ ಕೈಗೆ ಸುರಿದುಕೊಂಡು ಮುಗಿಸಿರುತ್ತಿದ್ದ. ಉಜ್ಜಿದ್ದೇ ಉಜ್ಜಿದ್ದು, ಮೊಣಕೈವರೆಗೆ, ರಕ್ತ ಬರುವವರೆಗೆ. ದಿನಕ್ಕೆ ಎಂಟು ಸಲ. ನೋಡಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಬಕೆಟ್ಟಿಗೆ ಮುಚ್ಚಳ ಮಾಡಿ ಬೀಗ ಹಾಕಿದೆ. ಬೀಗ. ನೀರಿಗೆ. ಸಾತೆನಿಕ್ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ, ಕದ್ದು ತಮ್ಮನಿಗೆ ಕೀಲಿ ಕೊಡುತ್ತಿದ್ದಳು.

ವೇದಿಕೆಯ ಆ ಮಾತಿನ ಮೇಲೆ ಸ್ಲಾವಿಕ್ ನನಗೆ ಬರುತ್ತಿದ್ದ ಕಲ್ಲಿನ ಕೆಲಸವನ್ನೆಲ್ಲ ತಪ್ಪಿಸಿದ. ಆರು ತಿಂಗಳು ಕೈ ಕಟ್ಟಿ ಕೂತೆ. ಆಗ ಭಾವಮೈದುನನಿಗೆ ಹೇಳಿದೆ, ಎಲ್ಲರ ಕೈ ತೊಳೆಸುವವನು ನಿನ್ನ ನೀರು ನೀನೇ ನೋಡಿಕೋ ಎಂದು. ಅವನು ಕೋಟು ಹಾಕಿಕೊಂಡು ಹೋದ. ಈ ಡಬ್ಬಿಯನ್ನು ಅಕ್ಕನಿಗೆ ಕೊಟ್ಟು ಹೋಗಿರಬೇಕು. ಆಮೇಲೆ ಎರಡು ವರ್ಷ ಆ ತಗಡಿನ ಮನೆ. ಆಮೇಲೆ ಚಿಂದಿ.

ಇಡೀ ಊರಿಗೆ ಗೋರಿಗಲ್ಲು ಕೆತ್ತಿದೆ, ಅವನಿಗೊಂದು ಕೆತ್ತಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಪುರುಸೊತ್ತಿರಲಿಲ್ಲ.

ಥೂ.

ಮಾರ್ಚ್ 22

ಕೈ ತೊಳೆದಿಲ್ಲ.

ಏಪ್ರಿಲ್ 7

ಗೆಘಾಮ್ ಇಲ್ಲಿಯೇ ಊಟ ಮಾಡುತ್ತಿದ್ದಾನೆ, ಅವನ ಮನೆಯಲ್ಲಿ ಮೆಟ್ಟಿಲಿದೆ. ಗೊರಕೆ ಹೊಡೆಯುತ್ತಾನೆ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿನ್ನುತ್ತಾನೆ, ನನಗೆ ಕಂಡರಾಗದು. ಹೇಳಿಲ್ಲ.

ಸ್ಲಾವಿಕ್‌ನಲ್ಲಿಗೆ ಹೋಗಿದ್ದೆ. ಟೋಪಿ ಕೈಯಲ್ಲಿ ಹಿಡಿದು. ಹಲಗೆಯ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ಎಂದೆ. ನನ್ನ ಹೆಂಡತಿಯ ಕೊನೆಯ ಮಾತು ಎಂದೂ ಹೇಳಿದೆ. ಹೇಳಬಾರದಿತ್ತು, ಅಂಥವನ ಮುಂದೆ. ಅವನು ನನಗೆ ಕುರ್ಚಿ ಹಾಕಿಸಿದ, ಒಣಗಿದ ಏಪ್ರಿಕಾಟ್ ಕೊಟ್ಟ. ಆಮೇಲೆ, ಹಲಗೆಯ ಮೇಲೆ ಹತ್ತೊಂಬತ್ತನೆಯ ಸಾಲು ಕಂಡರೆ ಅದನ್ನು ಇಳಿಸಿ ಗ್ಯುಮ್ರಿಯಲ್ಲಿ ಬೇರೆಯವನಿಂದ ಬರೆಸುತ್ತೇನೆ, ಹದಿನೆಂಟೂ ಹೊಸದಾಗಿ ಎಂದ. ಲ್ಯೂದಾ ಬೆರಳಾಡಿಸಿದ ಅಕ್ಷರ, ಕಸಕ್ಕೆ.

ನೆಲದ ಮೇಲೆ ಉಗುಳುವ ಅಭ್ಯಾಸ ನನಗಿಲ್ಲ. ಏಪ್ರಿಕಾಟ್ ಬೀಜವನ್ನು ಅವನ ಗೇಟಿನವರೆಗೂ ಬಾಯಲ್ಲೇ ಇಟ್ಟುಕೊಂಡು ಬಂದು ಅಲ್ಲಿ ಉಗುಳಿದೆ.

ಹಲಗೆಯ ಮೇಲೆ ಅಂದನಲ್ಲ. ಹಲಗೆಯ ಮೇಲೆ.

ಏಪ್ರಿಲ್ 16

ಪುಲ್ಪುಲಾಕಿನ ಬೋಗುಣಿ ನಾನೇ ಕೊರೆಯುತ್ತಿರುವುದು. ನೀರು ನಳಿಕೆಯಿಂದ ಮೇಲಕ್ಕೆ ಚಿಮ್ಮುತ್ತದೆ, ಬಾಯಿ ಒಡ್ಡಲು ಸೊಂಟ ಬಗ್ಗಿಸಬೇಕು. ಮಂತ್ರಿಯಾದರೂ ಬಗ್ಗಬೇಕು. ಬಗ್ಗಿದವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಏನು ಕಾಣುತ್ತದೆ? ಹಲಗೆ ಕಾಣುವುದಿಲ್ಲ, ಅದು ತಲೆಯ ಮೇಲಾಯಿತು. ಬೋಗುಣಿಯ ಎದುರಿನ ಒಳಗೋಡೆ ಕಾಣುತ್ತದೆ. ನಿಂತವನಿಗೆ ಅದು ಅಂಚಿನ ನೆರಳಿನಲ್ಲಿ ಮರೆ. ಬಿದ್ದ ನೀರು ಅಲ್ಲಿ ಬಡಿದು ಕೆಳಗೆ ಇಳಿಯುತ್ತದೆ.

ಗೆಘಾಮ್‌ಗೆ ತೋರಿಸಿದೆ. ಅವನು ಒಣ ಬೋಗುಣಿಯ ಮೇಲೆ ಬಗ್ಗಿ ನೋಡಿ, ಉಸಿರು ಸಿಕ್ಕಿಕೊಂಡು, ಎದ್ದು ನಕ್ಕು, ಮತ್ತೆ ಕೆಮ್ಮಿದ. ವರ್ಷ ಏನು ಹಾಕುತ್ತೀರಿ ಎಂದು ಕೇಳಿದ. ಮಿಕ್ಕವರಿಗೆಲ್ಲ ಹುಟ್ಟಿದ್ದು ಸತ್ತದ್ದು. ಇವನಿಗೂ ಹಾಗೇ ಎಂದೆ.

"ಬೇಡ. ಯುದ್ಧ ನಮಗೆಲ್ಲ ತೊಂಬತ್ತೆರಡರಲ್ಲಿ ಶುರುವಾಗಿ ತೊಂಬತ್ನಾಲ್ಕರಲ್ಲಿ ಮುಗೀತು. ಅವನಿಗೆ ಮುಗಿದದ್ದು ಎರಡು ಸಾವಿರದ ನಾಲ್ಕರಲ್ಲಿ. ಅದನ್ನೇ ಹಾಕಿ."

ಇಂಗ್ಲಿಷಿನಲ್ಲಿ ಇದಕ್ಕೊಂದು ಕಾಲ ಇತ್ತು. ಹಿಂದೆ ಶುರುವಾಗಿ ಇನ್ನೂ ನಿಲ್ಲದೆ ನಡೆಯುತ್ತಲೇ ಇರುವ ಕ್ರಿಯೆಗೆ. ಹ್ಯಾಸ್ ಬೀನ್ ಏನೋ. ಪರೀಕ್ಷೆಯಲ್ಲಿ ಆ ಪ್ರಶ್ನೆಗೇ ನನಗೆ ಸೊನ್ನೆ ಬಂದಿತ್ತು. ಹಳೆಯ ಟಿಪ್ಪಣಿ ಪುಸ್ತಕ ಅಟ್ಟದಿಂದ ಇಳಿಸಿ ಹುಡುಕಿದೆ. ಅದು ಸಿಗಲಿಲ್ಲ, ಬೇರೆಯದು ಸಿಕ್ಕಿತು: ಶಾಶ್ವತ ಎಂದರೆ ಇಟರ್ನಲ್. ಎಕ್ಸ್‌ಟರ್ನಲ್ ಎಂದರೆ ಹೊರಗಡೆಯದು, ಮೇಲುಮೇಲಿನದು. ಅಯ್ಯೋ ಎಂದು ಹಲಗೆಯ ಮುಂದೆ ಹೋಗಿ ನಿಂತೆ. ಮೇಲುಮೇಲಿನ ಕೀರ್ತಿ. ಸ್ವಲ್ಪ ಹೊತ್ತು ಓದಿದೆ. ತಿದ್ದುವುದು ಬೇಡವೆನ್ನಿಸಿತು.

ಏಪ್ರಿಲ್ 27

ನಮ್ಮ ಲಿಪಿಯಲ್ಲಿ ನಾಲ್ಕೇ ಅಕ್ಷರ. ಒಂದು ದಿನದ ಕೆಲಸವೂ ಅಲ್ಲ ಎಂದುಕೊಂಡಿದ್ದೆ, ಮೂರು ದಿನ ಹಿಡಿಯಿತು. ಬಾಗಿದ ಗೋಡೆ, ತಲೆ ಬೋಗುಣಿಯೊಳಗೆ ಇಟ್ಟು ಮಲಗಿ ಕೆತ್ತಬೇಕು, ಪುಡಿಯೆಲ್ಲ ಕಣ್ಣಿಗೆ. ಲ್ಯೂದಾ ಹೇಳಿದಷ್ಟು ಆಳ. ಮೊದಲ ಅಕ್ಷರದ ಬಾಲ ಕೊಂಚ ಜಾರಿತು, ಯಾರಿಗೂ ಗೊತ್ತಾಗದು, ನನಗೆ ಗೊತ್ತು.

ಆತೋಮ್. 1992–2004.

ಗೆಘಾಮ್ ಎಂದ, ಓದಿದವರು ಹನ್ನೆರಡು ವರ್ಷದ ಮಗು ಅಂದುಕೊಳ್ತಾರೆ. ಅಂದುಕೊಳ್ಳಲಿ.

ಉಳಿದಿದ್ದ ಆ ಉಗುರಿನಷ್ಟು ಸೋಪನ್ನು ಬೋಗುಣಿ ಕೂರಿಸುವಾಗ ಕೆಳಗಿನ ಸಂದಿನಲ್ಲಿ, ಗಾರೆಗೆ ಮುಂಚೆ ಇಟ್ಟೆ. ಗಾರೆ ಕೆಲಸದವನು ಅದೇನು ಎಂದ. ಸಂದು ಜಾರಲೆಂದು ಎಂದೆ. ನಂಬಿದ.

ಮೇ 9

ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ. ಗೆಘಾಮ್ ಎರಡು ಪದಕ ಹಾಕಿಕೊಂಡು ಬಂದಿದ್ದ, ಮೂರನೆಯದನ್ನು ಯಾರಿಗೋ ಕೊಟ್ಟುಬಿಟ್ಟಿದ್ದಾನೆ. ಪುರಸಭೆಯ ಅದೇ ಹೆಂಗಸು, ಅದೇ ಬಕೆಟ್. ಈ ಸಲ ಅವಳು ಅವನಿಗೆ ಐದು ಹೂವು ಕೊಟ್ಟಳು, ಎರಡೆರಡು ಸಲ ಎಣಿಸಿ. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. ಅಷ್ಟು ಕೆಟ್ಟವಳೇನಲ್ಲ.

ಕ್ಯಾಲಿಫೋರ್ನಿಯಾದವನು ಹಲಗೆಯ ನೆತ್ತಿ ಓದಿ, ಸ್ವಲ್ಪ ಯೋಚಿಸಿ, ವೆರಿ ಡೀಪ್ ಎಂದ. ಥ್ಯಾಂಕ್ ಯು ಎಂದೆ. ಲ್ಯೂದಾ ಎರಿಕ್‌ನ ಹೆಸರಿಗೆ ಮುತ್ತು ಕೊಟ್ಟಳು. ಪಾದ್ರಿ ಪ್ರಾರ್ಥನೆ ಹೇಳಿದ. ಸ್ಲಾವಿಕ್ ಅರ್ಧ ಗಂಟೆ ಮಾತಾಡಿದ, ಹದಿನೆಂಟು ಜನರ ಹೆಸರು ಒಂದು ಸಲ, ತನ್ನ ಹೆಸರು ನಾಲ್ಕು ಸಲ. ಆಮೇಲೆ ಟಿವಿಯವನು ಕ್ಯಾಮೆರಾ ತಿರುಗಿಸಿದ, ಮೊದಲ ಗುಟುಕು ಅಧ್ಯಕ್ಷರದು.

ಸ್ಲಾವಿಕ್ ಟೈ ಹಿಡಿದುಕೊಂಡು ಬಗ್ಗಿದ.

ನೀರು ಕುಡಿಯಲು ಎಷ್ಟು ಹೊತ್ತು ಬೇಕು? ಎರಡು ಗುಟುಕು. ಅವನು ಬಗ್ಗಿದವನು ಬಗ್ಗಿಯೇ ಇದ್ದ. ನೀರು ಅವನ ಮೀಸೆಗೆ, ಗಲ್ಲಕ್ಕೆ, ಕಾಲರಿನ ಒಳಗೆ ಇಳಿಯುತ್ತಿತ್ತು. ಹಲಗೆ ಇಳಿಸುತ್ತಾನೆ, ಲ್ಯೂದಾಳ ಮುಂದೆಯೇ ಇಳಿಸುತ್ತಾನೆ ಎಂದುಕೊಂಡೆ. ಟಿವಿಯವನು, ಸರ್ ಮುಖ ಈ ಕಡೆ ಎಂದ. ಸ್ಲಾವಿಕ್ ತಲೆ ಎತ್ತಿದ. ಮೊದಲು ನನ್ನನ್ನು ನೋಡಿದ, ಆಮೇಲೆ ಗೆಘಾಮ್‌ನನ್ನು. ಎರಡೂ ಕೈ ತೊಯ್ದಿದ್ದವು, ಒರೆಸಲು ಜಾಗ ಕಾಣದೆ ಗಾಳಿಯಲ್ಲಿ ಹಿಡಿದು ನಿಂತಿದ್ದ.

ಸತ್ತವರ ಬುಗ್ಗೆಯ ನೀರು ಕುಡಿದವನು ಅವರ ಆತ್ಮಕ್ಕೆ ಒಂದು ಹರಕೆಯ ಮಾತು ಹೇಳದೆ ಸರಿಯುವಂತಿಲ್ಲ. ಊರೇ ಕಾಯುತ್ತಿತ್ತು.

"ದೇವರು ಇವರ ಆತ್ಮಕ್ಕೆ ಬೆಳಕು ಕೊಡಲಿ" ಎಂದ ಸ್ಲಾವಿಕ್, ಕ್ಯಾಮೆರಾಕ್ಕೆ.

"ಎಲ್ಲರ ಆತ್ಮಕ್ಕೂ" ಎಂದ ಗೆಘಾಮ್, ಜೋರಾಗಿ. "ಹೇಳು ಸ್ಲಾವಿಕ್. ಎಲ್ಲರ."

"ಎಲ್ಲರ" ಎಂದ.

ಆಮೇಲೆ ಸಾಲು. ಒಬ್ಬೊಬ್ಬರೇ ಬಗ್ಗಿದರು. ಓದಿದವರು ಎಷ್ಟು, ಓದದವರು ಎಷ್ಟು ತಿಳಿಯದು. ಒಬ್ಬ ಮುದುಕಿ ಎದ್ದು ಶಿಲುಬೆ ಗುರುತು ಹಾಕಿಕೊಂಡು, ಪಾಪ, ಇಷ್ಟು ಚಿಕ್ಕವನು ಎಂದಳು. ಗೆಘಾಮ್ ಕೊನೆಗೆ ಹೋಗಿ ಐದು ಹೂವಿನಲ್ಲಿ ಎರಡನ್ನು ಬೋಗುಣಿಯ ಅಂಚಿಗೆ ಇಟ್ಟ, ಮೂರು ತಾನಿಟ್ಟುಕೊಂಡ.

ಮಧ್ಯಾಹ್ನ ಮೂರಕ್ಕೆ ಸ್ಲಾವಿಕ್‌ನ ಕಾರು ನನ್ನ ಗೇಟಿನ ಮುಂದೆ ನಿಂತಿತು. ಇಳಿಯಲಿಲ್ಲ, ಗಾಜು ಇಳಿಸಿದ. ನಾಳೆ ಆಳು ಕಳಿಸಿ ಸಿಮೆಂಟು ಮೆತ್ತಿಸುತ್ತೇನೆ ಎಂದ. ಮೆತ್ತಿಸು ಎಂದೆ. ಹರಿಯುವ ನೀರಿನಡಿ ಸಿಮೆಂಟು ಹಿಡಿಯುವುದಿಲ್ಲ, ಮೆತ್ತಬೇಕಾದರೆ ನೀರು ನಿಲ್ಲಿಸಬೇಕು, ನೀರಿಗೆ ಬೀಗ ಹಾಕಬೇಕು ಎಂದೆ. ಅದನ್ನು ಮಾಡಿದವನು ನಾನು, ಹೇಗಿರುತ್ತದೆ ಗೊತ್ತು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಗಾಜು ಏರಿಸಿಕೊಂಡು ಹೋದ.

ಈಗ ಕಿಟಕಿಯ ಹತ್ತಿರ ಕೂತಿದ್ದೇನೆ. ಗೆಘಾಮ್ ಒಳಗೆ ಗೊರಕೆ ಹೊಡೆಯುತ್ತಿದ್ದಾನೆ. ಇಲ್ಲಿಂದ ಚೌಕ ಕಾಣುವುದಿಲ್ಲ, ಆದರೆ ಗಾಳಿ ಆ ಕಡೆಯಿಂದ ಬಂದಾಗ ನೀರು ಬೀಳುವ ಸದ್ದು ಕೇಳುತ್ತದೆ, ಅಥವಾ ಕೇಳಿದ ಹಾಗೆ ಆಗುತ್ತದೆ. ಹಗಲೂ ರಾತ್ರಿ ಬೀಳುತ್ತದೆ ಅದು, ಆತೋಮ್‌ನ ಮೇಲೆ, ಹೊತ್ತು ತರಬೇಕಾಗಿಲ್ಲ. ಎಷ್ಟು ಬೇಕೋ ಅಷ್ಟು ತೊಳೆದುಕೊಳ್ಳಲಿ. ಇನ್ನೂ ಒಂದು ಮಾತು ಸಾತೆನಿಕ್‌ಗೆ ಹೇಳಬೇಕೆಂದಿದ್ದೆ, ಅದು ಏನೆಂದರೆ, ಆ ಮೊದಲ ಅಕ್ಷರದ ಬಾಲ, ನಾನು ಎಷ್ಟು ಎಚ್ಚರದಿಂದ

ಸಾಲು ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.